ಮಾರ್ಕ್ ಟ್ವೇನ್ ದಿವಾಳಿ ಎದ್ದದ್ದು ಯಂತ್ರದಿಂದಲೇ?

ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ: ಪುಸ್ತಕಗಳು ಅಷ್ಟು ಚೆನ್ನಾಗಿ ಖರ್ಚಾಗುತ್ತಿದ್ದವು, ಹೆಂಡತಿ ಕಲ್ಲಿದ್ದಲು ವ್ಯಾಪಾರದ ಸಿರಿವಂತರ ಮನೆಯವಳು, ಅಂಥವನು ದಿವಾಳಿ ಎದ್ದದ್ದು ಹೇಗೆ? ‘ಯಾವುದೋ ಅಚ್ಚಿನ ಯಂತ್ರಕ್ಕೆ ದುಡ್ಡು ಸುರಿದ’ ಎಂಬ ಉತ್ತರ ಎಲ್ಲರಿಗೂ ಗೊತ್ತು. ಅದು ಅರ್ಧ ನಿಜ. ಯಂತ್ರ ಅವನ ಕೈ ಬರಿದು ಮಾಡಿತು. ಸಾಲ ಕೊಟ್ಟವರು ಬಾಗಿಲಿಗೆ ಬಂದದ್ದು ಮಾತ್ರ ಅವನದೇ ಪ್ರಕಾಶನ ಸಂಸ್ಥೆಯಿಂದ.

ಮೊದಲು ಯಂತ್ರ. ಹುಡುಗನಾಗಿದ್ದಾಗ ಹ್ಯಾನಿಬಲ್ ಊರಿನ ಪ್ರೆಸ್ಸಿನಲ್ಲಿ ಮೊಳೆ (ಒಂದೊಂದು ಅಕ್ಷರದ ಸೀಸದ ಅಚ್ಚು) ಜೋಡಿಸಿದ್ದ ಟ್ವೇನ್‌ಗೆ ಆ ಕೆಲಸದ ಕಷ್ಟ ಗೊತ್ತಿತ್ತು: ಮೊಳೆ ಜೋಡಿಸಬೇಕು, ಸಾಲನ್ನು ಸರಿದೂಗಿಸಬೇಕು, ಅಚ್ಚಾದ ಮೇಲೆ ಬಿಡಿಸಿ ಮತ್ತೆ ಖಾನೆಗಳಿಗೆ ಹಾಕಬೇಕು. ಜೇಮ್ಸ್ ಪೇಜ್ ಎಂಬಾತ ಹಾರ್ಟ್‌ಫರ್ಡ್‌ನಲ್ಲಿ ಕಟ್ಟುತ್ತಿದ್ದ ಯಂತ್ರ ಈ ಮೂರನ್ನೂ ಮಾಡುತ್ತಿತ್ತು. ಬಿಡಿಭಾಗಗಳು ಸುಮಾರು 18,000. ನಡೆದರೆ ಬೆರಗು, ಆದರೆ ಒಂದು ಮೊಳೆ ಮುರಿದರೆ ಎಲ್ಲವೂ ನಿಂತಿತು. ಪೇಜ್ ‘ಇನ್ನೊಂದು ಚೂರು ಸುಧಾರಿಸುತ್ತೇನೆ’ ಎಂದು ಮತ್ತೆ ಬಿಚ್ಚಿ ಹರಡಿಕೊಳ್ಳುತ್ತಿದ್ದ. ಅಷ್ಟರಲ್ಲಿ, 1886ರಲ್ಲೇ, ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಲೈನೊಟೈಪ್ ಎಂಬ ಬೇರೊಂದು ಯಂತ್ರ ಕೆಲಸಕ್ಕೆ ನಿಂತಿತು. ಅದು ಮೊಳೆಯ ಗೊಡವೆಗೇ ಹೋಗಲಿಲ್ಲ. ಹಿತ್ತಾಳೆ ಅಚ್ಚುಗಳನ್ನು ಸಾಲಾಗಿ ನಿಲ್ಲಿಸಿ, ಸೀಸ ಸುರಿದು ಇಡೀ ಸಾಲನ್ನೇ ಎರಕ ಹೊಯ್ಯುತ್ತಿತ್ತು. ಅಚ್ಚಾದ ಮೇಲೆ ಕರಗಿಸಿದರಾಯಿತು, ಬಿಡಿಸುವ ಕೆಲಸವೇ ಇಲ್ಲ. ಪೇಜ್ ಮನುಷ್ಯನ ಕೈಯನ್ನು ನಕಲು ಮಾಡಲು ಹೊರಟಿದ್ದ, ಸೋತದ್ದೂ ಅಲ್ಲೇ. 1894ರಲ್ಲಿ ಷಿಕಾಗೊ ಹೆರಾಲ್ಡ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಅವನ ಯಂತ್ರ ಪದೇ ಪದೇ ಕೆಟ್ಟಿತು. ಅದರಲ್ಲಿ ಟ್ವೇನ್ ಕಳೆದುಕೊಂಡದ್ದು ಸುಮಾರು 3 ಲಕ್ಷ ಡಾಲರ್ ಎಂಬ ಅಂದಾಜಿದೆ.

ಇನ್ನು ಪ್ರಕಾಶನ. ಅಕ್ಕನ ಮಗಳ ಗಂಡ ಚಾರ್ಲ್ಸ್ ವೆಬ್‌ಸ್ಟರ್ ಹೆಸರಿನಲ್ಲಿ 1884ರಲ್ಲಿ ಶುರುವಾದ ಸಂಸ್ಥೆಗೆ ಆರಂಭ ಭರ್ಜರಿ. ಟ್ವೇನ್‌ನದೇ ಕಾದಂಬರಿ ‘ಹಕಲ್‌ಬೆರಿ ಫಿನ್’ ಬಂತು. ಹಿಂದೆಯೇ ಮಾಜಿ ಅಧ್ಯಕ್ಷ ಗ್ರಾಂಟ್ ಅವರ ಎರಡು ಸಂಪುಟಗಳ ಆತ್ಮಕಥೆ 3 ಲಕ್ಷಕ್ಕೂ ಹೆಚ್ಚು ಜೊತೆ ಮಾರಾಟವಾಯಿತು. 1886ರಲ್ಲಿ ಗ್ರಾಂಟ್ ಪತ್ನಿಗೆ ಕೊಟ್ಟ ಒಂದೇ ಚೆಕ್ಕು 2 ಲಕ್ಷ ಡಾಲರ್. ಆ ಗೆಲುವೇ ದಾರಿ ತಪ್ಪಿಸಿತು ಎನ್ನಬೇಕು. ಪೋಪ್ ಹದಿಮೂರನೆಯ ಲಿಯೊ ಅವರ ಜೀವನಚರಿತ್ರೆ ಅದೇ ರೀತಿ ಹೋಗುತ್ತದೆಂದು ನಂಬಿದರು, ಹೋಗಲಿಲ್ಲ.

ಕತ್ತು ಹಿಸುಕಿದ್ದು ಅಮೆರಿಕನ್ ಸಾಹಿತ್ಯದ 11 ಸಂಪುಟಗಳ ಸಂಕಲನ. ಅದನ್ನು ಏಜೆಂಟರು ಮನೆಮನೆಗೆ ಹೋಗಿ ಕಂತಿನ ಮೇಲೆ ಮಾರುತ್ತಿದ್ದರು. ಕಾಗದ, ಮುದ್ರಣ, ಬೈಂಡಿಂಗ್, ಏಜೆಂಟರ ಕಮಿಷನ್ ಎಲ್ಲವೂ ಸಂಸ್ಥೆಯ ಜೇಬಿನಿಂದ ಮೊದಲೇ ಹೋಗಬೇಕು. ಗಿರಾಕಿಯ ಹಣ ತಿಂಗಳಿಗಿಷ್ಟು ಎಂದು ಬರುತ್ತದೆ. ಹಾಗಾಗಿ ಮಾರಾಟ ಹೆಚ್ಚಾದಷ್ಟೂ ಸಾಲ ಹೆಚ್ಚು! ಇಂಥ ವ್ಯವಹಾರಕ್ಕೆ ದೊಡ್ಡ ಬಂಡವಾಳ ಬೇಕು. ಮಾಲೀಕ ಟ್ವೇನ್‌ನ ಹಣವೆಲ್ಲ ಪೇಜ್‌ನ ಕಾರ್ಖಾನೆಗೆ ಹರಿಯುತ್ತಿತ್ತು. ಟ್ವೇನ್ ತಪ್ಪನ್ನೆಲ್ಲ ವೆಬ್‌ಸ್ಟರ್ ತಲೆಗೆ ಕಟ್ಟಿದ್ದು ನ್ಯಾಯವಲ್ಲ.

1893ರಲ್ಲಿ ದೇಶಕ್ಕೇ ಹಣದ ಮುಗ್ಗಟ್ಟು ಬಂದು ಬ್ಯಾಂಕುಗಳು ಕೈ ಬಿಗಿ ಮಾಡಿದವು. 1894ರ ಏಪ್ರಿಲ್‌ನಲ್ಲಿ ಸಂಸ್ಥೆ ಮುಚ್ಚಿತು. ಅದು ಪಾಲುದಾರಿಕೆ ಸಂಸ್ಥೆಯಾದ್ದರಿಂದ ಸಾಲ ನೇರ ಟ್ವೇನ್ ತಲೆಯ ಮೇಲೆ ಬಂತು.

ಉಳಿಸಿದವನು ಸ್ಟ್ಯಾಂಡರ್ಡ್ ಆಯಿಲ್ ಎಂಬ ತೈಲ ಕಂಪನಿಯ ಹೆನ್ರಿ ರಾಜರ್ಸ್. ಸಂಸ್ಥೆಗೆ ಸ್ವಂತ ಹಣ ಕೊಟ್ಟಿದ್ದ ಹೆಂಡತಿ ಒಲಿವಿಯಾಳಿಗೇ ಸಾಲ ಮೊದಲು ತೀರಬೇಕೆಂದು ವಾದಿಸಿ, ಪುಸ್ತಕಗಳ ಹಕ್ಕುಗಳನ್ನು ಅವಳ ಹೆಸರಿಗೆ ಬರೆಸಿದ. ಈ ನಡೆಯ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಹಕ್ಕುಗಳು ಹರಾಜಾಗಿದ್ದರೆ ಮುಂದಿನ ಗಳಿಕೆಯೇ ಇರುತ್ತಿರಲಿಲ್ಲ. 1895ರ ಜುಲೈನಲ್ಲಿ ಟ್ವೇನ್ ಸಾಲ ತೀರಿಸಲು ಭಾಷಣ ಪ್ರವಾಸ ಹೊರಟ: ಆಸ್ಟ್ರೇಲಿಯಾ, ನ್ಯೂಜಿಲೆಂಡ್, 1896ರ ಆರಂಭದಲ್ಲಿ ಮುಂಬಯಿ, ಕಾಶಿ, ಕಲ್ಕತ್ತ, ಆಮೇಲೆ ದಕ್ಷಿಣ ಆಫ್ರಿಕಾ. ಪ್ರವಾಸ ಮುಗಿದ ಮರುತಿಂಗಳೇ ಮಗಳು ಸೂಸಿ ತೀರಿಕೊಂಡಳು. ಆ ದುಃಖದಲ್ಲೇ ಪ್ರವಾಸದ ಪುಸ್ತಕ ಬರೆದು 1897ರಲ್ಲಿ ಪ್ರಕಟಿಸಿದ. 1898ರ ಆರಂಭದ ಹೊತ್ತಿಗೆ ಬಾಕಿ ಪೂರ್ತಿ ತೀರಿತ್ತು.

ಅಷ್ಟಾದ ಮೇಲಾದರೂ ಹೂಡಿಕೆಯ ಚಟ ಬಿಟ್ಟನೇ ಎಂದರೆ, ಇಲ್ಲ. ಪ್ಲಾಸ್ಮನ್ ಎಂಬ ಹಾಲಿನ ಪುಡಿಯ ಕಂಪನಿಗೆ ದುಡ್ಡು ಹಾಕಿ ಅದನ್ನೂ ಕಳೆದುಕೊಂಡ.