ಮೂವತ್ತು ದಿನದ ದಡದಿಂದ ನಲವತ್ತು ದಿನದ ನಡುಗಡ್ಡೆಗೆ

ಕ್ರೊಯೇಷ್ಯಾದ ದುಬ್ರೋವ್ನಿಕ್‌ನ ಹಳೆಯ ಪೇಟೆಯಿಂದ ಪೂರ್ವಕ್ಕೆ ಪ್ಲೋಚೆ ಬಾಗಿಲು ದಾಟಿ ನಾಲ್ಕು ಹೆಜ್ಜೆ ನಡೆದರೆ, ಕಡಲಂಚಿನಲ್ಲಿ ಸಾಲಾಗಿ ಕಲ್ಲಿನ ಕಟ್ಟಡಗಳು: ಲಜರೇತಿ. ಈಗ ಅಲ್ಲಿ ಕಲೆ, ಸಂಗೀತ. ಆಗ ಊರೊಳಗೆ ಬರಬೇಕಾದವರು ದಿನ ಎಣಿಸುತ್ತ ಕೂರುತ್ತಿದ್ದ ಜಾಗ. ಕಟ್ಟಡಕ್ಕಿಂತ ಕಟ್ಟಳೆ ಹಳೆಯದು. 1377ರಲ್ಲಿ ಈ ನಗರ, ಅಂದಿನ ರಗೂಸಾ, ಪ್ಲೇಗ್ ಇದ್ದ ಕಡೆಯಿಂದ ಬಂದವರು ಮ್ರ್ಕಾನ್ ದ್ವೀಪದಲ್ಲೋ ಪಕ್ಕದ ತ್ಸಾವ್ತಾತ್‌ನಲ್ಲೋ ಒಂದು ತಿಂಗಳು ಇದ್ದೇ ಒಳಬರಬೇಕೆಂದು ವಿಧಿಸಿತು. ತ್ಸಾವ್ತಾತ್‌ಗೆ ಇಂದು 10ನೇ ನಂಬರಿನ ಬಸ್ಸಿದೆ.

ವ್ಯಾಪಾರವೇ ಅನ್ನವಾಗಿದ್ದ ಊರು ಇದನ್ನು ಒಪ್ಪಿದ್ದು ವಿಚಿತ್ರವಲ್ಲ. ಬಂದರನ್ನೇ ಮುಚ್ಚುವುದಕ್ಕಿಂತ ಮೂವತ್ತು ದಿನ ತಡವಾಗುವುದು ಅಗ್ಗ. ಮೂವತ್ತೊಂದನೇ ದಿನ ಬಾಗಿಲು ತೆರೆಯುತ್ತದೆಂಬುದೂ ಗೊತ್ತಿತ್ತು.

2021ರ ಬೇಸಿಗೆಯಲ್ಲಿ ಇಲ್ಲಿಂದ ಇಟಲಿಗೆ ಹೊರಟವರು ಆನ್‌ಲೈನ್ ಪ್ರಯಾಣಿಕರ ಫಾರ್ಮ್ ತುಂಬಬೇಕಿತ್ತು. ಜುಲೈ 1ರಿಂದ ಯುರೋಪಿನ ಕೋವಿಡ್ ಪ್ರಮಾಣಪತ್ರ ಚಾಲ್ತಿಗೆ ಬಂತು. ಲಸಿಕೆ, ನೆಗೆಟಿವ್ ಪರೀಕ್ಷೆ, ಗುಣಮುಖ, ಮೂರರಲ್ಲೊಂದು ಸಾಕಿತ್ತು. ಎಡವುತ್ತಿದ್ದದ್ದು ಪರೀಕ್ಷೆಯ ಗಡುವಿನಲ್ಲಿ. ಗಂಟೆಗಳ ಲೆಕ್ಕ ಶುರುವಾಗುತ್ತಿದ್ದದ್ದು ಫಲಿತಾಂಶ ಕೈಗೆ ಬಂದಾಗ ಅಲ್ಲ, ಮೂಗಿನ ಮಾದರಿ ಕೊಟ್ಟಾಗ. ವಿಮಾನ ಒಂದು ದಿನ ತಪ್ಪಿದರೆ ಕಾಗದ ಸತ್ತಂತೆ. ಮೇಲಾಗಿ, ಸೋಂಕು ತಗುಲಿ ಲಕ್ಷಣ ಕಾಣಲು ಮೊದಲ ತಳಿಯಲ್ಲಿ ಸರಾಸರಿ 5–6 ದಿನ, ಕೆಲವರಲ್ಲಿ 14ರವರೆಗೆ ಹಿಡಿಯುತ್ತಿತ್ತು. ನಿನ್ನೆ ಅಂಟಿದ್ದನ್ನು ಇಂದಿನ ಪರೀಕ್ಷೆ ಹಿಡಿಯದು. ಪರೀಕ್ಷೆಯೊಂದೇ ಸಾಲದೆ ಕೆಲವು ದೇಶಗಳು 14 ದಿನದ ಪ್ರತ್ಯೇಕವಾಸಕ್ಕೆ ಹೋದದ್ದು ಇದಕ್ಕೇ.

ಪ್ಲೇಗ್ ಕಾಲದ ವೆನಿಸ್‌ನಲ್ಲಿ ಇದಕ್ಕೆಂದೇ ಎರಡು ನಡುಗಡ್ಡೆ. 1423ರ ಲಜರೆತ್ತೊ ವೆಕ್ಯೊ ರೋಗಿಗಳಿಗೆ, 1468ರ ಲಜರೆತ್ತೊ ನುವೊವೊ ಶಂಕಿತರಿಗೆ ಮತ್ತು ಸರಕಿಗೆ. ‘ಕ್ವಾರಂಟೈನ್’ ಪದದೊಳಗಿರುವುದು ಇಟಾಲಿಯನ್ನಿನ ನಲವತ್ತು, ಅಂದರೆ ಕಾಯಬೇಕಿದ್ದ ದಿನಗಳು. ಪ್ಲೇಗ್ ಬಹುಮಟ್ಟಿಗೆ ವಾರದೊಳಗೇ ತಲೆಯೆತ್ತುವುದರಿಂದ ನಲವತ್ತು ಧಾರಾಳ ಲೆಕ್ಕವೇ. ನುವೊವೊದ ತೆಜೋನ್ ಗ್ರಾಂದೆ ನೂರು ಮೀಟರಿಗೂ ಉದ್ದದ ಉಗ್ರಾಣ; ಅದರ ಗೋಡೆಗಳ ಮೇಲೆ ವರ್ತಕರು, ಕಾವಲುಗಾರರು ಕೆಂಪು ಬಣ್ಣದಲ್ಲಿ ಹಡಗು, ಸರಕು, ಹೆಸರು ಗೀಚಿದ್ದಾರೆ. ಹೊತ್ತು ಹೋಗದವರ ಕೈಬರಹ. ನೋಡಬೇಕಾದದ್ದು ಇದೇ, ಉಳಿದದ್ದು ಹುಲ್ಲು ಮತ್ತು ಸೊಳ್ಳೆ.

ಈ ಗೋಡೆಯ ಮುಂದೆ ನ್ಯೂಜಿಲೆಂಡ್ ನೆನಪಾಗದಿರದು. 2020ರ ಮಾರ್ಚ್‌ನಲ್ಲಿ ಗಡಿ ಮುಚ್ಚಿತು. ಹಿಂತಿರುಗುವ ನಾಗರಿಕರಿಗೂ ಹೋಟೆಲಿನಲ್ಲಿ 14 ದಿನ. ಕೋಣೆಗಳು ಸಾಲದಾದಾಗ, 2021ರ ಸೆಪ್ಟೆಂಬರಿನಿಂದ ಆನ್‌ಲೈನ್ ಸರತಿಯಲ್ಲಿ ಯಾರು ಮುಂದೆಂಬುದನ್ನು ಕಂಪ್ಯೂಟರ್ ಲಾಟರಿಯಂತೆ ಎತ್ತಿತು. ಸಾಯುತ್ತಿರುವ ತಾಯಿಯನ್ನು ನೋಡಬೇಕಾದವರಿಗೂ ರಜೆ ಮುಗಿಸಿ ಬರುವವರಿಗೂ ಅಲ್ಲಿ ಒಂದೇ ಚೀಟಿ. ತುರ್ತಿಗೆಂದು ಬೇರೆ ಅರ್ಜಿ ಇತ್ತಾದರೂ ಅದರ ಬಾಗಿಲು ಕಿರಿದು. 2022ರ ಏಪ್ರಿಲ್‌ನಲ್ಲಿ ಅಲ್ಲಿನ ಹೈಕೋರ್ಟ್ ತಪ್ಪೆಂದದ್ದು ಪ್ರತ್ಯೇಕವಾಸವನ್ನಲ್ಲ, ಕೋಣೆ ಹಂಚಿದ ಈ ಬಗೆಯನ್ನು.

ನುವೊವೊಗೆ ವೆನಿಸ್‌ನ ಫೊಂದಮೆಂತೆ ನೊವೆ ದೋಣಿಕಟ್ಟೆಯಿಂದ 13ನೇ ಮಾರ್ಗದ ದೋಣಿ. ಸಾಮಾನ್ಯವಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ವಾರಾಂತ್ಯದಲ್ಲಿ ಮಾರ್ಗದರ್ಶಿಯೊಂದಿಗೆ ಪ್ರವೇಶ. ಮೊದಲೇ ವಿಚಾರಿಸಿ, ಕಾಯ್ದಿರಿಸಿ. ಹತ್ತುವಾಗಲೇ ಸಿಬ್ಬಂದಿಗೆ ಇಳಿಯುವ ಜಾಗ ಹೇಳಿ. ಕೇಳಿದರಷ್ಟೇ ದೋಣಿ ಅಲ್ಲಿ ನಿಲ್ಲುವುದು.