ಹೊಟ್ಟೆಯ ಹುಳುವಿಗೂ ಎಚ್. ಪೈಲೋರಿಗೂ ಏನು ನಂಟು?

ಕೊಲಂಬಿಯಾದ ನರಿನ್ಯೊ ಪ್ರಾಂತ್ಯದಲ್ಲಿ ಟುಕೆರೆಸ್ ಬೆಟ್ಟದ ಮೇಲಿನ ಊರು, ಟುಮಾಕೊ ಕಡಲಂಚಿನದು. ಎರಡೂ ಕಡೆ ಬಹುಪಾಲು ಜನರ ಜಠರದಲ್ಲಿ ಎಚ್. ಪೈಲೋರಿ ಬ್ಯಾಕ್ಟೀರಿಯಾ ಇದೆ. ಆದರೆ ಜಠರದ ಕ್ಯಾನ್ಸರ್ ಬೆಟ್ಟದವರಿಗೆ ವಿಪರೀತ, ಕರಾವಳಿಯವರಿಗೆ ಅಪರೂಪ. ಕರಾವಳಿಯ ಮಕ್ಕಳಲ್ಲಿ ಜಂತುಹುಳು ಜಾಸ್ತಿ.

2000ದಲ್ಲಿ ಪ್ರಕಟವಾದ ಇಲಿಗಳ ಪ್ರಯೋಗವೊಂದು ಇದಕ್ಕೆ ಸುಳಿವು ಕೊಟ್ಟಿತು. ಪೈಲೋರಿಯ ಸಂಬಂಧಿ ಬ್ಯಾಕ್ಟೀರಿಯಾದ ಜೊತೆಗೆ ಕರುಳಿನ ಹುಳುವೂ ತಗುಲಿದ ಇಲಿಗಳಲ್ಲಿ ಜಠರದ ಗ್ರಂಥಿಗಳು ನಶಿಸುವುದು (ಕ್ಯಾನ್ಸರಿನತ್ತ ಅದೊಂದು ಹೆಜ್ಜೆ) ಕಡಿಮೆಯಾಯಿತು. ಬ್ಯಾಕ್ಟೀರಿಯಾ ಮಾತ್ರ ಕಡಿಮೆಯಾಗಲಿಲ್ಲ! ಜಠರದ ಒಳಪದರ ಹಾಳಾಗುವುದರಲ್ಲಿ ಬ್ಯಾಕ್ಟೀರಿಯಾದಷ್ಟೇ ಪಾಲು ಅದರ ಮೇಲೆ ದೇಹದ ರೋಗನಿರೋಧಕ ವ್ಯವಸ್ಥೆ ಹೂಡುವ, ಉರಿಯೂತ ಹೆಚ್ಚಿಸುವ ಟಿಎಚ್-1 ಬಗೆಯ ದಾಳಿಯದು. ಹುಳುಗಳು ಆ ಪ್ರತಿಕ್ರಿಯೆಯನ್ನು ಟಿಎಚ್-2 ಕಡೆಗೆ, ಅಂದರೆ ಹುಳುಗಳನ್ನು ಎದುರಿಸುವ ಬಗೆಯ ಕಡೆಗೆ ವಾಲಿಸುತ್ತವೆ. ಆದರೂ ನರಿನ್ಯೊದ ವ್ಯತ್ಯಾಸಕ್ಕೆ ಹುಳುವೊಂದೇ ಕಾರಣವಲ್ಲ, ಎರಡು ಕಡೆಯ ಪೈಲೋರಿ ತಳಿಗಳೂ ಜನರ ಮೂಲವೂ ಬೇರೆ.

ಹಾಗಾದರೆ ಹುಳು ಇರಲಿ ಬಿಡಿ ಅನ್ನಬಹುದೇ? ಖಂಡಿತ ಬೇಡ. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ, ಪೈಲೋರಿ ಜಠರದ ಆಮ್ಲ ತಗ್ಗಿಸಿ ಊಟದ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡಬಲ್ಲದು. ಎರಡೂ ಇರುವ ಮಗುವಿಗೆ ಕಬ್ಬಿಣದ ಟಾನಿಕ್ ಎಷ್ಟು ಕುಡಿಸಿದರೂ ಹಿಮೋಗ್ಲೋಬಿನ್ ಏರದಿರಬಹುದು.

ಪರೀಕ್ಷೆಯಲ್ಲಿ ಎಡವುವುದೇ ಹೆಚ್ಚು. ಪೈಲೋರಿಗೆ ಉಸಿರಿನ ಪರೀಕ್ಷೆಯನ್ನೋ ಮಲದ ಆಂಟಿಜೆನ್ (ಬ್ಯಾಕ್ಟೀರಿಯಾದ ಅಂಶ) ಪರೀಕ್ಷೆಯನ್ನೋ ಮಾಡಿಸುವ ಮೊದಲು ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆ 2 ವಾರ, ಆಂಟಿಬಯೋಟಿಕ್ 4 ವಾರ ನಿಂತಿರಬೇಕು (ವೈದ್ಯರನ್ನು ಕೇಳಿಯೇ ನಿಲ್ಲಿಸಿ). ಇಲ್ಲದಿದ್ದರೆ ಸೋಂಕಿದ್ದೂ ನೆಗೆಟಿವ್ ಬರಬಹುದು. ಹುಳುವಿನ ಮೊಟ್ಟೆಗಳು ದಿನವೂ ಒಂದೇ ಪ್ರಮಾಣದಲ್ಲಿ ಬೀಳುವುದಿಲ್ಲ, ಹಾಗಾಗಿ ಬೇರೆ ಬೇರೆ ದಿನದ 3 ಮಲದ ಮಾದರಿ ಕೊಡುವುದು ಒಳ್ಳೆಯದು.

ಒಂದರ ಔಷಧಿ ಇನ್ನೊಂದಕ್ಕೆ ಆಗುವುದಿಲ್ಲ. ಫೆಬ್ರುವರಿ 10ರ ಜಂತುಹುಳು ನಿವಾರಣಾ ದಿನ ನಮ್ಮ ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಆಲ್ಬೆಂಡಜೋಲ್ (400 ಮಿ.ಗ್ರಾಂ, 1ರಿಂದ 2 ವರ್ಷದವರಿಗೆ ಅರ್ಧ) ದುಂಡುಹುಳುವನ್ನು ಚೆನ್ನಾಗಿ ಕೊಲ್ಲುತ್ತದೆ, ಪೈಲೋರಿಯನ್ನು ಮುಟ್ಟುವುದಿಲ್ಲ. ಇತ್ತ ಪೈಲೋರಿಯ 14 ದಿನದ ಕೋರ್ಸ್‌ಗೆ ದುಂಡುಹುಳು ಜಗ್ಗುವುದಿಲ್ಲ. ಆದರೆ ಆ ಕೋರ್ಸ್‌ನಲ್ಲಿ ಮೆಟ್ರೋನಿಡಜೋಲ್ ಇದ್ದರೆ ಜಿಯಾರ್ಡಿಯಾ ಎಂಬ ಇನ್ನೊಂದು ಪರಾವಲಂಬಿ ಸಾಯಬಹುದು. ಆಗ ಹೊಟ್ಟೆಯುಬ್ಬರ ಇಳಿದು, ಪೈಲೋರಿಯೇ ಹೋಯಿತು ಅನ್ನಿಸುತ್ತದೆ. ನಮ್ಮಲ್ಲಿ ಮೆಟ್ರೋನಿಡಜೋಲ್‌ಗೆ ಬಗ್ಗದ ಪೈಲೋರಿ ಬಹಳ ಇರುವುದರಿಂದ ಇದು ಮೋಸ ಮಾಡಬಲ್ಲದು. ಕೋರ್ಸ್ ಮುಗಿದು ಕನಿಷ್ಠ 4 ವಾರ ಕಳೆದ ಮೇಲೆ ಮತ್ತೆ ಉಸಿರಿನ ಅಥವಾ ಮಲದ ಪರೀಕ್ಷೆಯನ್ನೇ ಮಾಡಿಸಿ. ರಕ್ತಪರೀಕ್ಷೆ ಬೇಡ, ಸೋಂಕು ಹೋದ ಮೇಲೂ ಅದು ಬಹುಕಾಲ ಪಾಸಿಟಿವ್ ತೋರಿಸಬಹುದು.