ಎನ್‌ವಿ ಇದ್ದರೂ ರೂಬಿ ಬೇಕು

ಮಂಗಳೂರು, 12 ಜುಲೈ 2025, ಶನಿವಾರ

ಎರಡು ವಜ್ರದ ಆನ್ವಿಲ್‌ಗಳ ನಡುವೆ, ಗ್ಯಾಸ್ಕೆಟ್ ಎಂಬ ಲೋಹದ ತಟ್ಟೆಯ ತೂತಿನಲ್ಲಿ, ದ್ರವದೊಂದಿಗೆ ಸ್ಯಾಂಪಲ್ ಇಟ್ಟು ಸ್ಕ್ರೂ ಬಿಗಿದು ಒತ್ತಿ, ವಜ್ರದೊಳಗಿನ ಎನ್‌ವಿ ಎಂಬ ದೋಷದಿಂದ ಒತ್ತಡ, ಕಾಂತಕ್ಷೇತ್ರ ಅಳೆಯುವವರಿಗೆ ಈ ಮಾತು. ಈ ಮಳೆಗಾಲದಲ್ಲಿ ಎಪಾಕ್ಸಿ ಅಂಟು ಗಟ್ಟಿಯಾಗುವುದೇ ದೊಡ್ಡ ಕೆಲಸ. ತೇವಕ್ಕೆ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಆಮೇಲೆ ಗ್ಯಾಸ್ಕೆಟ್ ಮೇಲಿನ ನಿರೋಧಕ ಪದರ ಎದ್ದು ಬರುತ್ತದೆ. ಅಲ್ಯುಮಿನಾ ಪುಡಿ ಬೆರೆಸಿ ಹಚ್ಚಿದ ಮೇಲೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಿ. ಪದರ ಬಿರಿದರೆ ಮೈಕ್ರೋವೇವ್ ಒಯ್ಯುವ ಪ್ಲಾಟಿನಂ ಪಟ್ಟಿ ರೀನಿಯಂ ಗ್ಯಾಸ್ಕೆಟ್‌ಗೆ ತಾಗಿ ಶಾರ್ಟ್. ಸ್ಕ್ರೂ ತಿರುಗಿಸಿದಾಗಲೆಲ್ಲ ಮಲ್ಟಿಮೀಟರ್ ಹಿಡಿದು ನೋಡಿ.

ವಜ್ರದಲ್ಲಿ ಒಂದು ನೈಟ್ರೋಜನ್, ಅದರ ಪಕ್ಕದಲ್ಲೇ ಒಂದು ಖಾಲಿ ಜಾಗ: ಇದೇ ಎನ್‌ವಿ. 532 ನ್ಯಾನೊಮೀಟರ್ ಹಸಿರು ಲೇಸರ್ ಬಿದ್ದರೆ ಕೆಂಪಗೆ ಹೊಳೆಯುತ್ತದೆ; 2.87 ಗಿಗಾಹರ್ಟ್ಸ್ ಮೈಕ್ರೋವೇವ್ ಕೊಟ್ಟರೆ ಹೊಳಪು ತುಸು ಕುಗ್ಗುತ್ತದೆ. ಒತ್ತಡ ಏರಿದಂತೆ ಈ ಆವೃತ್ತಿಯೂ ಏರುತ್ತದೆ, ಗಿಗಾಪ್ಯಾಸ್ಕಲ್‌ಗೆ ಸುಮಾರು 14.6 ಮೆಗಾಹರ್ಟ್ಸ್. ಏಸಿಯಿಂದ 3 ಡಿಗ್ರಿ ವ್ಯತ್ಯಾಸವಾದರೂ ಬದಲಾಗುವುದು ಕಾಲು ಮೆಗಾಹರ್ಟ್ಸ್‌ಗಿಂತ ಕಡಿಮೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ತಲೆಕೆಡಿಸಿಕೊಳ್ಳಬೇಕಾದದ್ದು ಆ 14.6 ಎಲ್ಲಿಗೆ ಸಲ್ಲುತ್ತದೆ ಎನ್ನುವುದಕ್ಕೆ. ದ್ರವದಲ್ಲಿ ತೇಲುವ ವಜ್ರದ ಪುಡಿಗೆ ಎಲ್ಲ ಕಡೆಯಿಂದ ಒಂದೇ ಒತ್ತಡ, ಅಲ್ಲಿ ಅದು ಸರಿ. ಆನ್ವಿಲ್‌ನ ಮೂತಿಯಲ್ಲೇ (ಸ್ಯಾಂಪಲ್ ಒತ್ತುವ ತುದಿಯಲ್ಲೇ) ಹುದುಗಿಸಿದ ಎನ್‌ವಿ ಮಾತ್ರ ದ್ರವದ ಒತ್ತಡವನ್ನಲ್ಲ, ಆನ್ವಿಲ್ ಒಳಗಿನ ಬಿಗಿತವನ್ನು ಹೇಳುತ್ತದೆ. ಆ ಬಿಗಿತ ದಿಕ್ಕಿಗೊಂದು ಬಗೆ. ಕಾಂತಕ್ಷೇತ್ರ ಇಲ್ಲದೆಯೂ ಗೆರೆ (ಹೊಳಪು ಕುಗ್ಗುವ ಆವೃತ್ತಿ) ಎರಡಾಗಿ ಸೀಳಬಹುದು. ಅದನ್ನು ಸ್ಯಾಂಪಲ್‌ನ ಕಾಂತಕ್ಷೇತ್ರ ಎಂದುಕೊಂಡರೆ ಲೆಕ್ಕವೆಲ್ಲ ಕೆಟ್ಟಿತು. ಹಾಗಾಗಿ ದ್ರವದ ಒತ್ತಡ ತಿಳಿಯಲು ಪಕ್ಕದಲ್ಲಿ ರೂಬಿಯ ಚೂರು ಇರಲೇಬೇಕು: ಅದು ಹೊಳೆಯುವ ಬೆಳಕಿನ 694.3 ನ್ಯಾನೊಮೀಟರ್ ಗೆರೆ ಗಿಗಾಪ್ಯಾಸ್ಕಲ್‌ಗೆ 0.365 ನ್ಯಾನೊಮೀಟರ್ ಸರಿಯುತ್ತದೆ. ಕಾಂತಕ್ಷೇತ್ರಕ್ಕೆ ಎನ್‌ವಿಯ ಗೆರೆ ಒಂದು ಗಾಸ್‌ಗೆ 2.8 ಮೆಗಾಹರ್ಟ್ಸ್ ಸರಿಯುವ ಲೆಕ್ಕ. ಎರಡು ಗೆರೆಗಳ ನಡುವಿನ ಅಂತರ ಅದರ ಇಮ್ಮಡಿ, ಕ್ಷೇತ್ರ ಎನ್‌ವಿ ಅಕ್ಷದ (ನೈಟ್ರೋಜನ್‌ನಿಂದ ಖಾಲಿ ಜಾಗದ ದಿಕ್ಕಿನ) ಗುಂಟ ಇದ್ದರೆ.

ಆನ್ವಿಲ್ ಕೊಳ್ಳುವಾಗಲೇ ಕಟ್ಟು (ಮೂತಿಯನ್ನು ಸ್ಫಟಿಕದ ಯಾವ ದಿಕ್ಕಿಗೆ ಕತ್ತರಿಸಿದ್ದಾರೆ) ಯಾವುದೆಂದು ಕೇಳಿ. 100 ಕಟ್ಟಿನಲ್ಲಿ ನಾಲ್ಕು ದಿಕ್ಕಿನ ನಾಲ್ಕೂ ಗುಂಪಿನ ಎನ್‌ವಿಗಳು ಓರೆಯಾಗಿರುತ್ತವೆ, ಒತ್ತಡ ಏರಿದಂತೆ ಸಿಗ್ನಲ್ ಸಾಯುತ್ತದೆ. 111 ಕಟ್ಟಿನಲ್ಲಿ ಒಂದು ಗುಂಪು ನೇರ ನಿಂತಿರುವುದರಿಂದ ಅದರ ಸಮಮಿತಿ ಉಳಿಯುತ್ತದೆ. 2024ರಲ್ಲಿ ಪ್ರಕಟವಾದ ಸೀರಿಯಂ ಹೈಡ್ರೈಡ್ ಅಳತೆ 100 ಗಿಗಾಪ್ಯಾಸ್ಕಲ್ ದಾಟಿದ್ದು ಈ ಕಟ್ಟಿನಿಂದಲೇ. ಅಷ್ಟು ಮೇಲೆ ಹಸಿರು ಲೇಸರ್ ಸಾಲದು, ನೀಲಿ ಬೇಕು.

ಮೂತಿ 300 ಮೈಕ್ರಾನ್ ಇದ್ದರೆ ಗ್ಯಾಸ್ಕೆಟ್‌ನ ತೂತು ಸುಮಾರು 100 ಮೈಕ್ರಾನ್ ಸಾಕು. ಒತ್ತಡ ಒಯ್ಯುವ ದ್ರವವಾಗಿ ಮೆಥನಾಲ್–ಎಥನಾಲ್ 4:1 ಹಾಕಿದ ಕೂಡಲೇ ಮುಚ್ಚಿ, ಆರಿಹೋದರೆ ಒಳಗೆ ಗಾಳಿಗುಳ್ಳೆ ಉಳಿಯುತ್ತದೆ. ಒತ್ತಡ ಇಳಿಸುವಾಗ ಸ್ಕ್ರೂಗಳನ್ನು ಎದುರುಬದುರು, ಸಮನಾಗಿ, ಮೆಲ್ಲ ಸಡಿಲಿಸಿ; ಏರಿಸುವಾಗ ಉಳಿದ ವಜ್ರ ಇಳಿಸುವಾಗ ಒಡೆಯುವುದುಂಟು.